ಬೀದಿಯ ತಂತಿ, ಊರಿನ ವಾಹಿನಿ

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಮತ್ತು ಟೊಲಿಡೊ ನಗರಗಳ ನಡುವೆ ಮನ್ರೋ ಎಂಬ ಸಣ್ಣ ಊರಿದೆ. ಅಲ್ಲಿನ ಕೇಬಲ್‌ನಲ್ಲಿ ‘ಓನ್ಲಿ ಇನ್ ಮನ್ರೋ’ ಎಂಬ ಮಾತುಕತೆಯ ಕಾರ್ಯಕ್ರಮ ಬರುತ್ತಿತ್ತು. ನಡೆಸಿಕೊಡುತ್ತಿದ್ದವರು ಆ ಊರಿನ ಇಬ್ಬರು ಮಹಿಳೆಯರು. 2015ರ ಜುಲೈ 1ರ ಸಂಚಿಕೆಯಲ್ಲಿ ಮಾತ್ರ ನಿರೂಪಕರ ಕುರ್ಚಿಯಲ್ಲಿ ಹೆಸರಾಂತ ಹಾಸ್ಯಗಾರ ಸ್ಟೀಫನ್ ಕೋಲ್ಬೇರ್ ಕೂತಿದ್ದರು. ಸಿಬಿಎಸ್ ಟಿವಿ ಜಾಲದ ರಾತ್ರಿ ಕಾರ್ಯಕ್ರಮ ‘ಲೇಟ್ ಶೋ’ ವಹಿಸಿಕೊಳ್ಳಲು ಅವರಿಗೆ ಇನ್ನೂ ಎರಡು ತಿಂಗಳಿತ್ತು. ಅವರು ಎಂದಿನ ನಿರೂಪಕಿಯರನ್ನೇ ಅತಿಥಿಗಳನ್ನಾಗಿ ಕೂರಿಸಿ ಮಾತಾಡಿಸಿದರು. ಮಿಶಿಗನ್‌ನಲ್ಲಿ ಬೆಳೆದ ಜಗತ್ಪ್ರಸಿದ್ಧ ರ‍್ಯಾಪ್ ಗಾಯಕ ಎಮಿನೆಮ್ ಅವರನ್ನು ಈಗಷ್ಟೇ ಹೆಸರು ಮಾಡುತ್ತಿರುವ ಸ್ಥಳೀಯ ಹುಡುಗನೆಂಬಂತೆ ಪರಿಚಯಿಸಿದರು. ಆ ಸಂಚಿಕೆ ಅಂತರ್ಜಾಲದಲ್ಲಿ ಎಲ್ಲೆಡೆ ಹರಿದಾಡಿತು. ಆದರೆ ಅಷ್ಟು ಸಣ್ಣ ಊರಲ್ಲಿ ಆ ಸ್ಟುಡಿಯೊ ಮೊದಲೇ ಏಕಿತ್ತು, ಊರಿನವರಿಗೆ ಟಿವಿಯಲ್ಲಿ ಸಮಯ ಕೊಟ್ಟವರು ಯಾರು, ಖರ್ಚು ಯಾರದು ಎಂದು ಕೇಳಿದವರು ಕಡಿಮೆ.

ಇದಕ್ಕೆಲ್ಲ ಉತ್ತರ ರಸ್ತೆಯಲ್ಲಿದೆ. ಕೇಬಲ್ ಕಂಪನಿ ಮನೆಮನೆಗೆ ತಂತಿ ಎಳೆಯಬೇಕಾದರೆ ಊರಿನ ರಸ್ತೆ ಅಗೆಯಬೇಕು, ರಸ್ತೆ ಬದಿಯ ಕಂಬಗಳನ್ನು ಬಳಸಬೇಕು. ರಸ್ತೆ ಊರಿನವರ ಆಸ್ತಿ. ಅದನ್ನು ಬಳಸಿ ಲಾಭ ಮಾಡುವವರು ಊರಿಗೆ ಏನಾದರೂ ಕೊಡಲೇಬೇಕು. ಆ ಕೊಡುಗೆಯ ಒಂದು ಪಾಲು ಹಣ, ಇನ್ನೊಂದು ಪಾಲು ವಾಹಿನಿ. ಇಂಥ ವಾಹಿನಿಯನ್ನು ಅಮೆರಿಕದವರು ಪಬ್ಲಿಕ್ ಆಕ್ಸೆಸ್ ಟಿವಿ ಎನ್ನುತ್ತಾರೆ, ನಾವು ಸಮುದಾಯ ಟಿವಿ ಎನ್ನಬಹುದು. ಸಮುದಾಯ ಟಿವಿಯ ಕಾನೂನು, ಹಣಕಾಸು, ಜಗಳ, ಸೊಗಸು ಎಲ್ಲವೂ ಈ ಬಾಡಿಗೆ ಒಪ್ಪಂದದಿಂದಲೇ ಹೊರಟಿವೆ.

ಸಮುದಾಯ ಟಿವಿಯ ಕಲ್ಪನೆಯ ಬೇರು ಕೆನಡಾದಲ್ಲಿದೆ. 1967ರಲ್ಲಿ ಅಲ್ಲಿನ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ನಿರ್ದೇಶಕ ಕಾಲಿನ್ ಲೋ ನ್ಯೂಫೌಂಡ್‌ಲ್ಯಾಂಡ್‌ನ ಫೋಗೊ ದ್ವೀಪಕ್ಕೆ ಹೋದರು. ಮೀನುಗಾರರ ಆ ದ್ವೀಪವನ್ನು ತೆರವು ಮಾಡಿ ಜನರನ್ನು ಬೇರೆಡೆ ನೆಲೆಗೊಳಿಸುವ ಮಾತು ನಡೆಯುತ್ತಿತ್ತು. ಲೋ ಅವರ ತಂಡ ಅವರಿವರ ಮಾತುಗಳನ್ನು ಸಣ್ಣಸಣ್ಣ ಚಿತ್ರಗಳಾಗಿ ತೆಗೆದು, ಮೊದಲು ದ್ವೀಪದವರಿಗೇ ತೋರಿಸಿತು. ಒಂದು ಹಳ್ಳಿಯ ಕಷ್ಟ ಪಕ್ಕದ ಹಳ್ಳಿಯದೂ ಹೌದೆಂದು ಜನರಿಗೆ ತಿಳಿದದ್ದು ಆಗ. ಬಳಿಕ ಚಿತ್ರಗಳು ಸರ್ಕಾರದವರ ಮುಂದೆ ಹೋದವು. ದ್ವೀಪದವರು ಸಹಕಾರ ಸಂಘ ಕಟ್ಟಿಕೊಂಡು ಅಲ್ಲೇ ಉಳಿದರು. ಈ ಪ್ರಯೋಗ ನಡೆದ ‘ಚಾಲೆಂಜ್ ಫಾರ್ ಚೇಂಜ್’ ಯೋಜನೆಯನ್ನು ಮುಂದೆ ಮುನ್ನಡೆಸಿದ ಜಾರ್ಜ್ ಸ್ಟೋನಿ ನ್ಯೂಯಾರ್ಕ್‌ಗೆ ಬಂದು, 1971ರಲ್ಲಿ ರೆಡ್ ಬರ್ನ್ಸ್ ಜೊತೆಗೂಡಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ‘ಆಲ್ಟರ್ನೇಟ್ ಮೀಡಿಯಾ ಸೆಂಟರ್’ ಆರಂಭಿಸಿದರು. ಅದೇ ವರ್ಷ ಮ್ಯಾನ್‌ಹ್ಯಾಟನ್‌ನ ಕೇಬಲ್‌ನಲ್ಲಿ ಸಾರ್ವಜನಿಕರ ವಾಹಿನಿಗಳು ಶುರುವಾದವು. ಒಬ್ಬರೇ ಹೆಗಲಿಗೆ ಹಾಕಿಕೊಂಡು ಓಡಾಡಬಹುದಾದ ಸೋನಿಯ ಪೋರ್ಟಾಪ್ಯಾಕ್ ವಿಡಿಯೊ ಸಾಧನ ಅಷ್ಟರಲ್ಲಿ ಪೇಟೆಗೆ ಬಂದಿತ್ತು. ಅದಿಲ್ಲದೆ ಇದೆಲ್ಲ ಮಾತಿನಲ್ಲೇ ಉಳಿಯುತ್ತಿತ್ತು.

ಕಾನೂನಿನ ಕಥೆ ಅಷ್ಟು ಸಲೀಸಲ್ಲ. ದೊಡ್ಡ ಮಾರುಕಟ್ಟೆಗಳ ಕೇಬಲ್ ಕಂಪನಿಗಳು ಸಾರ್ವಜನಿಕರಿಗೆ, ಶಿಕ್ಷಣಕ್ಕೆ, ಸ್ಥಳೀಯ ಆಡಳಿತಕ್ಕೆ ಒಂದೊಂದು ವಾಹಿನಿ ಬಿಟ್ಟುಕೊಡಬೇಕೆಂದು ಅಮೆರಿಕದ ಸಂಪರ್ಕ ಆಯೋಗ 1972ರಲ್ಲಿ ನಿಯಮ ಮಾಡಿತು. ಆಯೋಗಕ್ಕೆ ಆ ಅಧಿಕಾರವಿಲ್ಲವೆಂದು 1979ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 1984ರ ಕೇಬಲ್ ಕಾಯ್ದೆ ನಡುದಾರಿ ಹಿಡಿಯಿತು. ವಾಹಿನಿ ಬೇಕೋ ಬೇಡವೋ ಎಂಬ ತೀರ್ಮಾನ ಆಯಾ ಊರಿಗೆ ಬಿಟ್ಟದ್ದು. ಒಪ್ಪಂದ ಮಾಡಿಕೊಳ್ಳುವಾಗ ಊರು ಕೇಳಬಹುದು. ಕೇಳಿದ ಊರುಗಳಲ್ಲಿ ಸ್ಟುಡಿಯೊ ಇದೆ, ಸುಮ್ಮನಿದ್ದ ಊರುಗಳಲ್ಲಿ ಇಲ್ಲ.

ಹಣದ ಲೆಕ್ಕಕ್ಕೂ ಅದೇ ಕಾಯ್ದೆ ಆಧಾರ. ಕೇಬಲ್ ಟಿವಿಯಿಂದ ಬರುವ ಒಟ್ಟು ಆದಾಯದಲ್ಲಿ ಶೇ 5ರವರೆಗೆ ಊರು ಶುಲ್ಕ ವಸೂಲು ಮಾಡಬಹುದು. ಒಂದು ಮನೆಯ ತಿಂಗಳ ಟಿವಿ ಬಿಲ್ಲು 80 ಡಾಲರ್ ಇದ್ದರೆ ಹೆಚ್ಚೆಂದರೆ 4 ಡಾಲರ್ ನಗರಸಭೆಗೆ ಸೇರುತ್ತದೆ. ಅದರಲ್ಲಿ ಸಮುದಾಯ ಟಿವಿಗೆ ಎಷ್ಟು ಎಂಬುದು ನಗರಸಭೆಯ ಮರ್ಜಿ. ಪೂರ್ತಿ ಕೊಡುವ ಊರುಗಳಿವೆ, ಆ ಹಣದಲ್ಲಿ ಬೇರೆ ಕೆಲಸ ಮಾಡಿಕೊಳ್ಳುವ ಊರುಗಳೂ ಇವೆ. ಕ್ಯಾಮೆರಾ, ಕಟ್ಟಡದಂಥ ಬಂಡವಾಳ ವೆಚ್ಚಕ್ಕೆಂದು ಒಪ್ಪಂದದಲ್ಲಿ ಬೇರೆ ಮೊತ್ತ ಕೇಳಬಹುದು, ಆದರೆ ಅದನ್ನು ಸಂಬಳಕ್ಕೆ ಬಳಸುವಂತಿಲ್ಲ. ಹೊಚ್ಚ ಹೊಸ ಕ್ಯಾಮೆರಾ ಇದ್ದೂ ಅದನ್ನು ಕಲಿಸಲು ಜನವಿಲ್ಲದ ಕೇಂದ್ರಗಳಿರುವುದು ಈ ಷರತ್ತಿನಿಂದಾಗಿಯೇ.

ಇನ್ನು ಕಾರ್ಯಕ್ರಮ ಮಾಡುವ ಬಗೆ. ಆ ಊರಿನ ನಿವಾಸಿಯೆಂಬುದಕ್ಕೆ ದಾಖಲೆ ತೋರಿಸಿ, ಉಚಿತವೋ ಅಲ್ಪ ಶುಲ್ಕದ್ದೋ ಆದ ತರಬೇತಿಗೆ ಸೇರಬೇಕು. ಕ್ಯಾಮೆರಾ, ಧ್ವನಿ, ಬೆಳಕು, ಎಡಿಟಿಂಗ್ ಕಲಿತವರಿಗೆ ಉಪಕರಣ ಮನೆಗೆ ಒಯ್ಯಲು ಕೊಡುತ್ತಾರೆ, ಸ್ಟುಡಿಯೊ ಸಮಯ ಕಾಯ್ದಿರಿಸಲು ಬಿಡುತ್ತಾರೆ. ಸಾಧಾರಣ ಸ್ಟುಡಿಯೊದಲ್ಲಿ ಮೂರು ಕ್ಯಾಮೆರಾ: ಒಂದು ನಿರೂಪಕರಿಗೆ, ಒಂದು ಅತಿಥಿಗೆ, ಒಂದು ಇಬ್ಬರನ್ನೂ ಸೇರಿಸಿ. ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ದೃಶ್ಯ ಬದಲಿಸುವ ಸ್ವಿಚರ್ ಮುಂದೆ ಒಬ್ಬರು, ಧ್ವನಿಗೆ ಒಬ್ಬರು, ಪರದೆಯ ಮೇಲೆ ಹೆಸರು ಹಾಕಲು ಒಬ್ಬರು, ಒಳಗೆ ಕೈಸನ್ನೆ ಮಾಡುವ ಫ್ಲೋರ್ ಮ್ಯಾನೇಜರ್. ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಇವತ್ತು ನಿಮ್ಮ ಕಾರ್ಯಕ್ರಮಕ್ಕೆ ಕ್ಯಾಮೆರಾ ಹಿಡಿದವರಿಗೆ ನಾಳೆ ಅವರ ಕಾರ್ಯಕ್ರಮದಲ್ಲಿ ನೀವು ಹಿಡಿಯುತ್ತೀರಿ. ಮುಯ್ಯಿಗೆ ಮುಯ್ಯಿ ಎಂದು ನಾಟಿ ಮಾಡುವ ನಮ್ಮ ಹಳ್ಳಿಗಳ ಪದ್ಧತಿಯೇ ಅಲ್ಲೂ ನಡೆಯುತ್ತದೆ. ಈ ಬಳಗ ಕಟ್ಟಿಕೊಳ್ಳಲಾಗದೆ ನಿಂತ ಕಾರ್ಯಕ್ರಮಗಳು, ಹಣವಿಲ್ಲದೆ ನಿಂತವುಗಳಿಗಿಂತ ಹೆಚ್ಚು ಎಂದು ನನಗನಿಸುತ್ತದೆ.

ಅತಿಥಿಯನ್ನು ಸಜ್ಜು ಮಾಡುವುದು ಇದರಲ್ಲಿ ಅತಿ ಸೂಕ್ಷ್ಮ ಕೆಲಸ. ಇಲ್ಲಿ ಬರುವವರು ಕ್ಯಾಮೆರಾ ನೋಡಿ ಪಳಗಿದವರಲ್ಲ. ನಿವೃತ್ತ ಅಗ್ನಿಶಾಮಕ ಸಿಬ್ಬಂದಿ, ಜೇನು ಸಾಕುವವರು, ಶಾಲೆಯ ಬ್ಯಾಂಡ್ ಮಾಸ್ತರರು, ಊರ ಗ್ರಂಥಪಾಲಕಿ. ಚಿತ್ರೀಕರಣಕ್ಕೆ ಒಂದೆರಡು ದಿನ ಮೊದಲೇ ಫೋನಿನಲ್ಲಿ ಮಾತಾಡಿ ವಿಷಯದ ಹರವು ಗೊತ್ತು ಮಾಡಿಕೊಳ್ಳಬೇಕು. ಆದರೆ ಪ್ರಶ್ನೆಗಳನ್ನು ಮುಂಚೆಯೇ ಬರೆದು ಕೊಟ್ಟುಬಿಟ್ಟರೆ ಅತಿಥಿ ಉತ್ತರ ಬಾಯಿಪಾಠ ಮಾಡಿಕೊಂಡು ಬಂದು ಒಪ್ಪಿಸುತ್ತಾರೆ, ಮಾತಿನ ಜೀವ ಹೋಗುತ್ತದೆ. ಒಂದು ವಸ್ತು ತರಲು ಹೇಳಿ: ಹಳೆಯ ಫೋಟೊ, ಜೇನುಪೆಟ್ಟಿಗೆಯ ಚೌಕಟ್ಟು, ಕೈಲಿ ಹಿಡಿಯುವ ಉಪಕರಣ ಯಾವುದಾದರೂ ಸರಿ. ಕೈಗೆ ಕೆಲಸ ಸಿಕ್ಕಿದರೆ ನಾಲಿಗೆಯ ಅಳುಕು ತಾನಾಗಿ ಕಳೆಯುತ್ತದೆ, ಕ್ಯಾಮೆರಾಕ್ಕೂ ತೋರಿಸಲು ಏನೋ ಒಂದು ಇರುತ್ತದೆ. ಸಣ್ಣ ಚೌಕಳಿ, ಒತ್ತೊತ್ತಾದ ಗೆರೆಗಳಿರುವ ಬಟ್ಟೆ ಪರದೆಯ ಮೇಲೆ ಮಿಣುಗುಟ್ಟುತ್ತದೆ. ಕಾಲರ್ ಮೈಕಿಗೆ ಜರಿ ಸೆರಗು ಉಜ್ಜಿದರೆ ಕರಕರ ಸದ್ದು. ಗಾಜಿನ ಬಳೆಯದು ಇನ್ನೂ ಜೋರು. ಮೈಕನ್ನು ರವಿಕೆಯ ಅಂಚಿಗೆ ಸಿಕ್ಕಿಸಿ, ತಂತಿ ಒಳಗೆ ಬರುವಂತೆ ನೋಡಿಕೊಂಡರೆ ತೊಂದರೆ ಅರ್ಧ ತಪ್ಪುತ್ತದೆ.

ಸಂಚಿಕೆಯ ಅವಧಿ ಸಾಮಾನ್ಯವಾಗಿ 28 ನಿಮಿಷದ ಆಸುಪಾಸು, ಇಲ್ಲವೇ 58 ನಿಮಿಷದ ಆಸುಪಾಸು; ಉಳಿದದ್ದು ವಾಹಿನಿಯ ಪ್ರಕಟಣೆಗಳಿಗೆ. ‘ಬರುವ ಭಾನುವಾರ’ ಎಂಬಂಥ ಮಾತು ಬಾಯಿಗೆ ಬಾರದಂತೆ ನಿರೂಪಕರು ಎಚ್ಚರ ವಹಿಸಬೇಕು, ಏಕೆಂದರೆ ಒಂದು ಸಂಚಿಕೆ ತಿಂಗಳುಗಟ್ಟಲೆ ಮರುಪ್ರಸಾರವಾಗುತ್ತದೆ, ಪಕ್ಕದ ಊರಿನ ವಾಹಿನಿಗೂ ಹೋಗುತ್ತದೆ. ಅತಿಥಿಯ ಲಿಖಿತ ಒಪ್ಪಿಗೆ ಬೇಕು. ಅನುಮತಿಯಿಲ್ಲದೆ ಸಿನಿಮಾ ಹಾಡನ್ನು ಹಿನ್ನೆಲೆಗೆ ಹಾಕುವಂತಿಲ್ಲ. ಹಕ್ಕುಳ್ಳವರ ಅನುಮತಿ ತರುವ ಹೊಣೆ ಕಾರ್ಯಕ್ರಮ ಮಾಡಿದವರದೇ. ಜಾಹೀರಾತು ಸಲ್ಲದು, ‘ನಮ್ಮ ಅಂಗಡಿಗೆ ಬನ್ನಿ, ಇಂತಿಷ್ಟು ರಿಯಾಯಿತಿ’ ಎನ್ನುವುದೂ ಸಲ್ಲದು. ನೆರವಾದವರ ಹೆಸರನ್ನು ಕೊನೆಯಲ್ಲಿ ಕೃತಜ್ಞತೆಯಿಂದ ತೋರಿಸಬಹುದು. ಯಾವ ಭಾಷೆಯಾದರೂ ನಡೆಯುತ್ತದೆ. ಅಮೆರಿಕದಲ್ಲಿರುವ ಕನ್ನಡ ಕೂಟಗಳು ಯುಗಾದಿ, ರಾಜ್ಯೋತ್ಸವಗಳನ್ನು ಚಿತ್ರೀಕರಿಸುತ್ತವೆ. ಊರಿನ ಸಮುದಾಯ ಕೇಂದ್ರದಲ್ಲಿ ಅದೇ ಕೆಲಸ ಕಲಿತು, ಮೊದಲ ತಲೆಮಾರಿನಲ್ಲಿ ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರನ್ನು ಒಬ್ಬೊಬ್ಬರಾಗಿ ಕೂರಿಸಿ ಮಾತಾಡಿಸಿದರೆ ಎಂಥ ದಾಖಲೆಯಾದೀತು! ಆ ತಲೆಮಾರು ಈಗ ಮುಪ್ಪಿನಲ್ಲಿದೆ.

ಈ ವ್ಯವಸ್ಥೆಯ ಗಟ್ಟಿತನ ಒಂದೇ ಸಾಲಿನಲ್ಲಿದೆ: ಕೇಬಲ್ ಕಂಪನಿ ಈ ಕಾರ್ಯಕ್ರಮಗಳಿಗೆ ಕತ್ತರಿ ಹಾಕುವಂತಿಲ್ಲ. ಅಶ್ಲೀಲತೆಯಂಥ ಕೆಲವೇ ವಿನಾಯಿತಿ ಬಿಟ್ಟರೆ, ತನ್ನ ತಂತಿಯಲ್ಲೇ ತನ್ನನ್ನು ಟೀಕಿಸಿದರೂ ಅದು ಸುಮ್ಮನಿರಬೇಕು. ಪ್ರತಿಯಾಗಿ, ಮಾನನಷ್ಟದ ಹೊಣೆ ಕಾರ್ಯಕ್ರಮ ಮಾಡಿದವರ ಮೇಲೆ. ಬೇಡಿಕೆ ಹೆಚ್ಚಿರುವೆಡೆ ಮೊದಲು ಬಂದವರಿಗೆ ಮೊದಲ ಸಮಯ. ಯಾರ ವಿಚಾರ ಮೇಲು, ಯಾರ ಚಿತ್ರ ಚೆಂದ ಎಂದು ಕೇಂದ್ರ ತೂಗುವಂತಿಲ್ಲ. ಇದರಿಂದ ದ್ವೇಷ ಕಾರುವವರಿಗೂ ಬಾಗಿಲು ತೆರೆದದ್ದುಂಟು, ಹಲವು ಊರುಗಳು ಅದರಿಂದ ನೊಂದಿವೆ. ಹಾಗಿದ್ದೂ, ತೂಗುವ ಅಧಿಕಾರ ಯಾರ ಕೈಗೆ ಕೊಟ್ಟರೂ ಮೊದಲು ಹೊರಬೀಳುವವರು ಬಡವರು ಮತ್ತು ಆಡಳಿತವನ್ನು ಪ್ರಶ್ನಿಸುವವರು ಎಂಬುದು ನನ್ನ ನಂಬಿಕೆ. ಮ್ಯಾನ್‌ಹ್ಯಾಟನ್‌ನಲ್ಲಿ ಇಂಥದೊಂದು ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಲ್ಲಿನ ಸಮುದಾಯ ವಾಹಿನಿಯನ್ನೇ ಟೀಕಿಸುವ ಚಿತ್ರ ಮಾಡಿದ ಡೀಡೀ ಹ್ಯಾಲೆಕ್ ಮತ್ತು ಅವರ ಸಂಗಡಿಗರೊಬ್ಬರಿಗೆ ಆ ವಾಹಿನಿಯ ಪ್ರವೇಶ ನಿಂತಿತು. ವಾಹಿನಿ ನಡೆಸುವ ಸಂಸ್ಥೆ ಖಾಸಗಿ, ಸರ್ಕಾರದಂತೆ ವಾಕ್ ಸ್ವಾತಂತ್ರ್ಯದ ಕಟ್ಟುಪಾಡು ಅದಕ್ಕಿಲ್ಲ ಎಂದು 2019ರಲ್ಲಿ 5–4ರ ಬಹುಮತದ ತೀರ್ಪು ಬಂತು. ನಾಲ್ವರು ನ್ಯಾಯಮೂರ್ತಿಗಳ ಭಿನ್ನಮತ ನನಗೆ ಹೆಚ್ಚು ಸರಿಯೆನಿಸುತ್ತದೆ.

ಇದೇ ಹ್ಯಾಲೆಕ್ 1981ರಲ್ಲಿ ‘ಪೇಪರ್ ಟೈಗರ್ ಟೆಲಿವಿಷನ್’ ಬಳಗ ಕಟ್ಟಿದವರು. ಕೈಯಲ್ಲೇ ಚಿತ್ರಿಸಿದ ಹಿನ್ನೆಲೆ ಪರದೆ, ಒಬ್ಬ ವಿದ್ವಾಂಸ, ಕೈಲೊಂದು ಪತ್ರಿಕೆ. ಆ ಪತ್ರಿಕೆ ಸುದ್ದಿಯನ್ನು ಹೇಗೆ ಕಟ್ಟುತ್ತದೆ ಎಂದು ಬಿಡಿಸಿ ಹೇಳುವುದು. ಸಂಚಿಕೆಗೆ ಆದ ಖರ್ಚಿನ ಲೆಕ್ಕವನ್ನೂ ಪರದೆಯ ಮೇಲೆ ತೋರಿಸುತ್ತಿದ್ದರು. ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ನಲ್ಲಿ ಮೇಯರ್ ಆಗಿದ್ದ ಬರ್ನಿ ಸ್ಯಾಂಡರ್ಸ್ 1986ರಿಂದ 1988ರವರೆಗೆ ಮೈಕ್ ಹಿಡಿದು ಅಂಗಡಿ ಬೀದಿ, ಶಾಲೆಗಳಲ್ಲಿ ಜನರನ್ನು ಮಾತಾಡಿಸುತ್ತಿದ್ದದ್ದೂ ಸಮುದಾಯ ಟಿವಿಗಾಗಿಯೇ. ಆ ಹಳೆಯ ಟೇಪುಗಳು ಇಂದಿಗೂ ನೋಡಲು ಸಿಗುತ್ತವೆ. ಇಂಥ ಹೆಸರುವಾಸಿ ಉದಾಹರಣೆಗಳಿಗಿಂತ ನನ್ನ ಮನಸ್ಸು ಎಳೆಯುವುದು ನಗರಸಭೆಯ ಸಭೆಗಳ ನೇರ ಪ್ರಸಾರದ ಕಡೆಗೆ. ಚರಂಡಿ, ಶಾಲಾ ಬಜೆಟ್, ತೆರಿಗೆಯ ಚರ್ಚೆಯನ್ನು ಕತ್ತರಿಸದೆ ಮೂರು ಗಂಟೆ ತೋರಿಸುವ ಬೇರೆ ಟಿವಿ ಇಲ್ಲ. ಊರಪತ್ರಿಕೆಗಳು ಒಂದೊಂದಾಗಿ ಮುಚ್ಚಿದ ಮೇಲೆ ಎಷ್ಟೋ ಕಡೆ ಉಳಿದಿರುವ ಕಣ್ಣು ಇದೊಂದೇ.

ನಮ್ಮಲ್ಲೂ ತಂತಿ ಇದೆ, ಕಂಬ ಇದೆ. ತಾಲ್ಲೂಕು ಕೇಂದ್ರಗಳ ಕೇಬಲ್ ವಾಹಿನಿಗಳಲ್ಲಿ ಜಾತ್ರೆ, ಗಣಪತಿ ವಿಸರ್ಜನೆ, ಶಾಲಾ ವಾರ್ಷಿಕೋತ್ಸವ ನೋಡಿದವರು ನಾವೆಲ್ಲ. ಆದರೆ ಅವು ಆಪರೇಟರರ ಸ್ವಂತ ವಾಹಿನಿಗಳು. ಜಾಹೀರಾತಿನಿಂದ ಬದುಕುತ್ತವೆ, ಯಾರಿಗೆ ಸಮಯ ಎಂಬುದು ಅವರಿಷ್ಟ. ನಿವಾಸಿಗೆ ಹಕ್ಕಾಗಿ ಸಿಗುವ ಟಿವಿ ಸಮಯ 1995ರ ನಮ್ಮ ಕೇಬಲ್ ಕಾಯ್ದೆಯಲ್ಲಿಲ್ಲ. ಅದೇ ವರ್ಷ ನಮ್ಮ ಸುಪ್ರೀಂ ಕೋರ್ಟ್ ಆಕಾಶದ ತರಂಗಗಳು ಸಾರ್ವಜನಿಕ ಆಸ್ತಿ ಎಂದಿತು. ಮರುವರ್ಷ ಬೆಂಗಳೂರಿನಲ್ಲಿ ಸೇರಿದ ಸಮುದಾಯ ರೇಡಿಯೊ ಪರವಾದವರು ಅದಕ್ಕೆ ಅವಕಾಶ ಕೇಳಿ ಒಂದು ಘೋಷಣೆ ಹೊರಡಿಸಿದರು. ಆದರೂ ಪರವಾನಗಿ ಸಿಗಲಿಲ್ಲ. ಆಗ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಬಳಗ ಹಿಡಿದ ದಾರಿ ಬಹಳ ಜಾಣತನದ್ದು. ಮೈರಾಡ, ವಾಯ್ಸಸ್ ಸಂಸ್ಥೆಗಳ ಮತ್ತು ಯುನೆಸ್ಕೊ ನೆರವಿನಿಂದ ಸ್ಟುಡಿಯೊ ಮಾಡಿಕೊಂಡು, ಊರಿನ ಕೇಬಲ್ ತಂತಿಯಲ್ಲೇ ಧ್ವನಿ ಕಾರ್ಯಕ್ರಮಗಳನ್ನು ಹರಿಸಿದರು. ಜನ ಟಿವಿ ಪೆಟ್ಟಿಗೆಯಲ್ಲಿ ರೇಡಿಯೊ ಕೇಳಿದರು. ಸ್ವಸಹಾಯ ಸಂಘದ ಮಹಿಳೆಯರು ಅದರ ಬೆನ್ನೆಲುಬಾಗಿದ್ದರು. ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೊ ಅನುಮತಿ ಎಂಬ ನೀತಿ ಬಂದದ್ದು 2006ರಲ್ಲಿ. ಸಮುದಾಯ ಟಿವಿಗೆ ಅಂಥ ನೀತಿ ಇನ್ನೂ ಬಂದಿಲ್ಲ, ಬರಬೇಕು.

ಅಮೆರಿಕದಲ್ಲಿ ಸಮುದಾಯ ಟಿವಿಯ ಬುಡ ಈಗ ಅಲುಗಾಡುತ್ತಿದೆ. ಜನ ಕೇಬಲ್ ಟಿವಿ ಬಿಟ್ಟು ಇಂಟರ್‌ನೆಟ್‌ನಲ್ಲಿ ನೋಡತೊಡಗಿದ್ದಾರೆ. ಅದೇ ಕಂಪನಿ, ಅದೇ ರಸ್ತೆ, ಅದೇ ತಂತಿ. ಆದರೆ ಇಂಟರ್‌ನೆಟ್‌ನ ಆದಾಯಕ್ಕೆ ಆ ಶೇ 5ರ ಶುಲ್ಕ ಅನ್ವಯಿಸುವುದಿಲ್ಲ. ಹೀಗಾಗಿ ಹಲವು ಕೇಂದ್ರಗಳ ಆದಾಯ ಇಳಿಯುತ್ತಿದೆ. ಇದು ಕಾನೂನಿನ ಲೋಪವೆಂದೇ ನಾನು ಹೇಳುತ್ತೇನೆ, ರಸ್ತೆಯ ಮೇಲಿನ ಹೊರೆಯೇನೂ ಕಡಿಮೆಯಾಗಿಲ್ಲ.

ಅಲ್ಲಿ ನೆಲೆಸಿದ ಓದುಗರು ಮಾಡಬಹುದಾದ ಒಂದು ಕೆಲಸವಿದೆ. ಊರಿನ ಕ್ಲರ್ಕ್ ಕಚೇರಿಯಲ್ಲಿ ಕೇಬಲ್ ಒಪ್ಪಂದದ ಪ್ರತಿ ಕೇಳಿ, ಅವಧಿ ಮುಗಿಯುವ ವರ್ಷ ನೋಡಿಕೊಳ್ಳಿ. ಕೆಲವು ರಾಜ್ಯಗಳಲ್ಲಿ ಒಪ್ಪಂದ ಮಾಡಿಕೊಳ್ಳುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಹೋಗಿದೆ. ಊರಿನ ಕೈಯಲ್ಲೇ ಇರುವೆಡೆ, ಅವಧಿ ಮುಗಿಯುವ ಮೂರು ವರ್ಷ ಮುಂಚೆಯೇ ನವೀಕರಣದ ಪ್ರಕ್ರಿಯೆ ಆರಂಭವಾಗಬಹುದು. ಸಮುದಾಯಕ್ಕೆ ಏನೇನು ಬೇಕು ಎಂದು ಆಗ ಸಾರ್ವಜನಿಕ ವಿಚಾರಣೆ ನಡೆಯುತ್ತದೆ. ಸ್ಟುಡಿಯೊ, ತರಬೇತಿ, ವಾಹಿನಿಗಳ ಸಂಖ್ಯೆ, ಎಚ್‌ಡಿ ಗುಣಮಟ್ಟ, ಕಾರ್ಯಕ್ರಮಗಳ ಹೆಸರು ಟಿವಿಯ ಮಾರ್ಗದರ್ಶಿ ಪಟ್ಟಿಯಲ್ಲಿ ಕಾಣಿಸಬೇಕೆಂಬ ಷರತ್ತು, ಎಲ್ಲವನ್ನೂ ಅಲ್ಲಿ ಎದ್ದು ನಿಂತು ಕೇಳಬೇಕು. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಮುಂದಿನ ಅವಕಾಶಕ್ಕೆ ಸಾಮಾನ್ಯವಾಗಿ ಹಲವು ವರ್ಷ ಕಾಯಬೇಕಾಗುತ್ತದೆ.