ಎರಡು ಕೋಟೆಗಳ ನಡುವಣ ನಾಡು

ಕಾಂದಿವಲಿಯ ನಿಲ್ದಾಣದಿಂದ ಉತ್ತರಕ್ಕೆ ಹೊರಟವನು ಭಾಯಂದರದ ಖಾಡಿಯನ್ನು ದಾಟಿ ವಸಯಿಯನ್ನು ಸೇರುವನು. ದಕ್ಷಿಣದ ಗಾಡಿಯನ್ನೇರಿದವನು ಮುಂಬಯಿಯ ಚರ್ಚ್‌ಗೇಟಿನಲ್ಲಿ ಇಳಿಯುವನು. ಈ ಎರಡು ಕೊನೆಗಳಲ್ಲಿಯೂ ಹಿಂದೊಂದು ಕಾಲದಲ್ಲಿ ಪ್ರಾಕಾರವೂ ಹೆಬ್ಬಾಗಿಲುಗಳೂ ಉಳ್ಳ ಒಂದೊಂದು ಸೀಮಾನಗರವಿದ್ದಿತು; ನಡುವಣ ಸಾಷ್ಟೀ ದ್ವೀಪದ ಗದ್ದೆ ತೋಟಗಳ ಮಧ್ಯದಲ್ಲಿ, ಗೋಡೆಯಿಲ್ಲದ ಅನೇಕ ಹಳ್ಳಿಗಳಲ್ಲೊಂದಾಗಿ ಕಾಂದಿವಲಿಯಿದ್ದಿತು. ಕೋಟೆಯ ಕಥೆಯನ್ನು ಸಾಮಾನ್ಯವಾಗಿ ಒಳಗೆ ನಿಂತು ಕಾದವರು, ಇಲ್ಲವೆ ಒಡೆದು ನುಗ್ಗಿದವರು ಹೇಳುತ್ತಾರೆ. ಇವರಿಬ್ಬರಿಗೂ ಅನ್ನವಿತ್ತ ಹಳ್ಳಿಗಳ ಕಡೆಯಿಂದ ನೋಡಿದರೆ ಮಾತ್ರ ಆ ಗೋಡೆಗಳ ಬಲವೆಲ್ಲಿತ್ತೆಂಬುದು ಸರಿಯಾಗಿ ತಿಳಿಯುವುದೆಂದು ನನ್ನ ದೃಢವಾದ ನಂಬಿಕೆ.

ಗುಜರಾತಿನ ಸುಲ್ತಾನನಾದ ಬಹಾದೂರ್ ಷಾಹನು ಮೊಗಲ ದೊರೆ ಹುಮಾಯೂನನ ಭೀತಿಗೊಳಗಾಗಿ, 1534ರ ಡಿಸೆಂಬರಿನಲ್ಲಿ ವಸಯಿಯನ್ನೂ ಅದಕ್ಕೆ ಸೇರಿದ ಸಾಷ್ಟಿ, ಮುಂಬಯಿ ಮೊದಲಾದ ದ್ವೀಪಗಳನ್ನೂ ಪೋರ್ಚುಗೀಸರಿಗೆ ಬಿಟ್ಟುಕೊಟ್ಟನು. ಗೋವೆಯಿಂದ ಬಹು ದೂರದಲ್ಲಿ, ಪ್ರಬಲರಾದ ನೆರೆಯವರ ಎದುರಿನಲ್ಲಿ ನೆಲೆಯೂರಬೇಕಾಗಿದ್ದ ಅವರು ಖಾಡಿಯ ಮುಖದಲ್ಲಿ ಕಟ್ಟಿದ ಕೋಟೆ ಬರಿಯ ಸೈನ್ಯದ ಠಾಣೆಯಾಗಿರಲಿಲ್ಲ. ಇಗರ್ಜಿಗಳು, ಮಠಗಳು, ಜೆಸುಇಟರ ವಿದ್ಯಾಲಯ, ಶ್ರೀಮಂತರ ಮನೆಗಳು ಎಲ್ಲವನ್ನೂ ಒಳಕೊಂಡ ಒಂದು ಪೂರ್ಣ ನಗರವೇ ಆಗಿದ್ದಿತು. ಅದಕ್ಕೆ ಮುಖ್ಯವಾದ ಬಾಗಿಲುಗಳು ಎರಡು. ನೆಲದ ಕಡೆಯದನ್ನು ಭುಯಿ ದರವಾಜಾ ಎಂದೂ ನೀರಿನ ಕಡೆಯದನ್ನು ದರ್ಯಾ ದರವಾಜಾ ಎಂದೂ ಇಂದಿಗೂ ಅಲ್ಲಿಯ ಜನ ಕರೆಯುತ್ತಾರೆ.

ನಮ್ಮ ಚಿತ್ರದುರ್ಗವನ್ನು ಕಂಡವರಿಗೆ ಬಾಗಿಲಿನ ಮರ್ಮವನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಹೆಬ್ಬಾಗಿಲೆಂಬುದು ಗೋಡೆಯಲ್ಲಿ ಬೇಕೆಂದೇ ಇಟ್ಟುಕೊಂಡ ಒಂದು ದೌರ್ಬಲ್ಯವಾದುದರಿಂದ, ದುರ್ಗಶಿಲ್ಪಿಯ ಬುದ್ಧಿಯೆಲ್ಲ ಅದನ್ನು ಕಾಯುವುದರಲ್ಲಿಯೇ ವ್ಯಯವಾಗುತ್ತಿದ್ದಿತು. ದಾರಿಯನ್ನು ನೇರವಾಗಿ ಬಿಡದೆ ಸೊಟ್ಟಗೆ ತಿರುಗಿಸಿದರೆ ಆನೆಗೆ ಓಡಿಬಂದು ಗುದ್ದಲು ವೇಗ ದೊರೆಯದು. ಕದಕ್ಕೆ ಕಬ್ಬಿಣದ ಮೊಳೆಗಳನ್ನು ಹೊಡೆದರೆ ಆನೆ ಹಣೆಯೊಡ್ಡಲು ಹಿಂಜರಿಯುವುದು. ದೊಡ್ಡ ಕದದೊಳಗೊಂದು ದಿಡ್ಡಿಯನ್ನಿಟ್ಟರೆ, ಅಗುಳಿಯನ್ನು ತೆಗೆಯದೆಯೇ ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟುಕೊಳ್ಳಬಹುದು. ವಸಯಿಯಲ್ಲಿಯೂ ಒಂದು ಬಾಗಿಲನ್ನು ದಾಟಿದವನು ತಿರುಗಿ ಇನ್ನೊಂದನ್ನು ಎದುರಿಸಬೇಕಾಗುತ್ತಿದ್ದಿತು. ಆದರೆ ಕೊತ್ತಳಗಳ ವಿಷಯದಲ್ಲಿ ಪೋರ್ಚುಗೀಸರ ಪದ್ಧತಿ ಬೇರೆ. ದುಂಡನೆಯ ಕೊತ್ತಳದ ಮುಂದೆ, ಪಕ್ಕದ ಗೋಡೆಯ ಮೇಲಿನಿಂದ ಗುಂಡು ತಲಪದ ಸ್ವಲ್ಪ ಜಾಗ ಯಾವಾಗಲೂ ಉಳಿಯುತ್ತದೆ, ಶತ್ರು ಅಲ್ಲಿ ಅವಿತು ಗೋಡೆಯ ಬುಡವನ್ನು ಅಗೆಯಬಲ್ಲನು. ಕೊತ್ತಳವನ್ನು ಬಾಣದ ಮೊನೆಯಂತೆ ಕೋನವಾಗಿ ಚಾಚಿ ಕಟ್ಟಿದರೆ ಒಂದರ ಮುಖವನ್ನು ಇನ್ನೊಂದರ ಫಿರಂಗಿ ಕಾಯುತ್ತದೆ. ಯೂರೋಪಿನಲ್ಲಿ ಫಿರಂಗಿಯ ಯುದ್ಧ ಬಲಿತಂತೆ ರೂಪುಗೊಂಡ ಈ ವಿದ್ಯೆಯನ್ನು ಅವರು ವಸಯಿಯ ನೆಲಕ್ಕೂ ತಂದರು.

ಇಷ್ಟು ವಿದ್ಯೆಯಿದ್ದ ಕೋಟೆ ಬಿದ್ದುದೇಕೆ? 1739ರ ಮೇ ತಿಂಗಳಲ್ಲಿ ಮರಾಠರು ಸುರಂಗಗಳಲ್ಲಿ ಮದ್ದು ತುಂಬಿ ಸಾಂ ಸೆಬಾಸ್ಟಿಯನ್ ಕೊತ್ತಳವನ್ನು ಒಡೆದರೆಂಬ ಉತ್ತರ ಸತ್ಯವೇ ಸರಿ, ಆದರೆ ಪೂರ್ಣವಲ್ಲ. ಎರಡು ವರ್ಷಗಳ ಹಿಂದೆಯೇ, 1737ರಲ್ಲಿ, ಅಂಜೂರಿನ ಗಂಗಾಜಿ ನಾಯಕನಂತಹ ಸ್ಥಳೀಯರ ನೆರವಿನಿಂದ ಪೇಶ್ವೆಯ ಸೈನ್ಯ ಠಾಣೆ ಪಟ್ಟಣವನ್ನು ಹೊಕ್ಕಾಗ, ಅಲ್ಲಿ ಪೋರ್ಚುಗೀಸರು ಕಟ್ಟಿಸುತ್ತಿದ್ದ ಕೋಟೆ ಇನ್ನೂ ಅರ್ಧದಲ್ಲಿದ್ದಿತು. ಮತದ ಹೆಸರಿನಲ್ಲಿ ತಮ್ಮನ್ನು ಪೀಡಿಸಿದ ಅರಸರಿಗಾಗಿ ಹಳ್ಳಿಯ ಜನರು ಪ್ರಾಣ ಕೊಡುವ ಕಾರಣವೇನೂ ಇರಲಿಲ್ಲ. ಸಾಷ್ಟಿ ಕೈಬಿಟ್ಟಿತು, ಅದರೊಡನೆ ನಮ್ಮ ಈ ಕಾಂದಿವಲಿ, ಮಲಾಡುಗಳ ಭತ್ತವೂ ಆಳೂ ಸುದ್ದಿಯೂ ಕೈಬಿಟ್ಟುವು. ಅನಂತರ ಪೇಶ್ವೆಯ ತಮ್ಮನಾದ ಚಿಮಾಜಿ ಅಪ್ಪನು ವರ್ಸೋವೆಯನ್ನೂ, ವಸಯಿಯ ಎದುರು ದಂಡೆಯ ಧಾರಾವಿಯ ಗುಡ್ಡವನ್ನೂ ಹಿಡಿದಾಗ ಖಾಡಿಯ ಬಾಯಿಯೇ ಮುಚ್ಚಿದಂತಾಯಿತು. ಮುಂಬಯಿಯ ಆಂಗ್ಲರು ಇಗರ್ಜಿಗಳ ಬೆಳ್ಳಿಯ ಪಾತ್ರೆಗಳನ್ನು ಒತ್ತೆಯಿಟ್ಟುಕೊಂಡು ಸ್ವಲ್ಪ ಸಾಲವನ್ನು ಕೊಟ್ಟರೇ ಹೊರತು ಸೈನ್ಯವನ್ನು ಕಳುಹಿಸಲಿಲ್ಲ. ಗೋಡೆ ಒಡೆಯುವುದಕ್ಕೆ ಬಹಳ ಮುಂಚೆಯೇ ಆ ನಗರ ತನ್ನ ನಾಡನ್ನು ಕಳೆದುಕೊಂಡಿದ್ದಿತು.

ಗೆದ್ದವನ ಔದಾರ್ಯವನ್ನು ಇಲ್ಲಿ ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ಹೊರಡುವವರು ತಮ್ಮ ಸೊತ್ತಿನೊಡನೆ ಸಗೌರವವಾಗಿ ಹೊರಡಬಹುದೆಂದೂ, ಉಳಿಯುವವರು ತಮ್ಮ ಮತವನ್ನು ಆಚರಿಸಬಹುದೆಂದೂ ಒಪ್ಪಂದವಾಯಿತು. ವಸಯಿಯ ಸುತ್ತಿನ ಕ್ರೈಸ್ತ ಸಮಾಜ ಇಂದಿಗೂ ಅಲ್ಲಿಯೇ ಬಾಳುತ್ತಿದೆ. ಇಗರ್ಜಿಗಳ ಗಂಟೆಗಳು ಮಾತ್ರ ವಿಜಯಚಿಹ್ನೆಗಳಾಗಿ ಭೀಮಾಶಂಕರ, ನಾಸಿಕದ ನಾರೋಶಂಕರ ಮುಂತಾದ ದೇವಾಲಯಗಳನ್ನು ಸೇರಿದುವು. ಯುದ್ಧಕ್ಕೆ ಮುನ್ನ ಹೊತ್ತ ಹರಕೆಯಂತೆ ಚಿಮಾಜಿಯು ವಜ್ರೇಶ್ವರಿಗೆ ಕಟ್ಟಿಸಿಕೊಟ್ಟ ಗುಡಿಗೂ ಕೋಟೆಯಂತಹ ಗೋಡೆಯೇ ಇದೆ.

ವಸಯಿಯ ಪತನದಿಂದ ನಡುಗಿದವರು ಮುಂಬಯಿಯ ಆಂಗ್ಲರು. ಗವರ್ನರ್ ಚಾರ್ಲ್ಸ್ ಬೂನನ ಆಳಿಕೆಯಲ್ಲಿ ಕಟ್ಟಿದ ಅವರ ಗೋಡೆಗೆ ಅಪೋಲೋ, ಚರ್ಚ್, ಬಜಾರ್ ಎಂಬ ಮೂರು ಬಾಗಿಲುಗಳಿದ್ದುವು. ಅದರ ಸುತ್ತ ಈಗ ಅವಸರದಿಂದ ಅಗಳನ್ನು ತೋಡಲಾಯಿತು, ಅದಕ್ಕಾಗಿ ನಗರದ ವರ್ತಕರು 30,000 ರೂಪಾಯಿಗಳನ್ನು ಕೂಡಿಸಿಕೊಟ್ಟರು. ಮುಂದೆ ಮರಾಠರ ಭಯ ಹೋಯಿತು, ಊರು ಉಸಿರುಕಟ್ಟುವಷ್ಟು ಬೆಳೆಯಿತು; 1862ರಲ್ಲಿ ಗವರ್ನರನಾಗಿ ಬಂದ ಬಾರ್ಟ್ಲ್ ಫ್ರೇರನ ಕಾಲದಲ್ಲಿ ಆ ಗೋಡೆಗಳನ್ನು ಕೆಡವಿದರು. ಚರ್ಚ್ ಬಾಗಿಲು ನಿಂತಿದ್ದ ಸ್ಥಳದಲ್ಲಿ ಈಗ ಫ್ಲೋರಾ ಕಾರಂಜಿಯಿದೆ. ಕಾಂದಿವಲಿಯೂ ಆ ನಗರಕ್ಕೊಂದು ಗೋಡೆಯನ್ನು ಕೊಟ್ಟಿದೆ: 1920ರ ದಶಕದಲ್ಲಿ ಬ್ಯಾಕ್‌ಬೇಯ ಕಡಲನ್ನು ತುಂಬಿ ನೆಲಮಾಡ ಹೊರಟಾಗ, ತೆರೆಗಳನ್ನು ತಡೆವ ಒಡ್ಡಿಗೆ ಕಲ್ಲು ಹೋದುದು ಇಲ್ಲಿಯ ಗಣಿಯಿಂದ.

ಮುಂಬಯಿಯ ಗೋಡೆಯನ್ನು ಇಂದು ಊಹೆಯಿಂದಲೇ ಕಾಣಬೇಕು. ವಸಯಿಯದನ್ನು ಕಣ್ಣಿನಿಂದ ನೋಡಬಹುದು. ಹೋಗುವವರು ಭುಯಿ ದರವಾಜೆಯಿಂದ ಒಳಹೊಕ್ಕು, ತಿರುವಿನಲ್ಲೊಮ್ಮೆ ನಿಂತು, ಮೇಲಿನಿಂದ ಗುರಿಯಿಡುವವನಿಗೆ ತಾವು ಎಷ್ಟು ಸುಲಭವಾಗಿ ಸಿಕ್ಕುವೆವೆಂಬುದನ್ನು ಗಮನಿಸಲಿ. ಬಳಿಕ ಊರನ್ನು ಹಾದು ದರ್ಯಾ ದರವಾಜೆಗೆ ಬಂದು ಖಾಡಿಯ ಆಚೆಯ ದಂಡೆಯತ್ತ ನೋಡಲಿ. ಅದು ಧಾರಾವಿಯ ದಿಕ್ಕು. ಅಲ್ಲಿ ಶತ್ರುವಿನ ಫಿರಂಗಿ ಕುಳಿತ ಮೇಲೆ ಈ ಬಾಗಿಲನ್ನು ತೆರೆದಿಟ್ಟರೂ ಗೋವೆಯಿಂದ ಬರುವ ಹಡಗಿಗೆ ಒಳಬರುವ ದಾರಿಯಿರಲಿಲ್ಲ.