ಉಪಗ್ರಹದ ಚಿತ್ರವೂ ಊರವರ ಸಾಕ್ಷ್ಯವೂ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರ ಮುಖಂಡರೂ ಜಮೀನುದಾರರೂ ಒಂದು ಸಂಗತಿಯನ್ನು ಅವಶ್ಯವಾಗಿ ತಿಳಿದಿರಬೇಕು. ಭೂಮಿಯ ಬಳಕೆಯನ್ನೂ ಮರಗಿಡಗಳ ಹೆಚ್ಚುಕಡಿಮೆಯನ್ನೂ ಈಗ ಉಪಗ್ರಹಗಳು ಆಕಾಶದಿಂದ ಚಿತ್ರಿಸುತ್ತಿವೆ. ನಮ್ಮ ದೇಶವು ಈ ಕಾರ್ಯಕ್ಕಾಗಿ ಐ.ಆರ್.ಎಸ್.-1ಎ ಎಂಬ ಉಪಗ್ರಹವನ್ನು 1988ರಲ್ಲಿಯೇ ಕಳುಹಿಸಿತು. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯು ಬರದ ನಿರ್ಣಯಕ್ಕೆ ಇಂಥ ಚಿತ್ರಗಳಿಂದ ದೊರೆಯುವ ಹಸುರಿನ ಲೆಕ್ಕವನ್ನೂ ಒಂದು ಆಧಾರವಾಗಿ ಅಂಗೀಕರಿಸಿದೆ. ಆದುದರಿಂದ ಚಿತ್ರವನ್ನು ತಪ್ಪಾಗಿ ಓದಿದರೆ ನಷ್ಟವು ಗ್ರಾಮಕ್ಕೇ.

ಹಸುರೆಲೆಯು ಬಿಸಿಲಿನ ಕೆಂಪು ಕಿರಣವನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹೆಚ್ಚಾಗಿ ಹಿಂದಿರುಗಿಸುತ್ತದೆ. ಇವೆರಡರ ಅಂತರದಿಂದ ಹಸುರನ್ನು ಗಣಿಸುವರು. ಯೂರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದೊಂದು ಚೌಕವು 10 ಮೀಟರು ಉದ್ದಗಲದ್ದು, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಗುಂಟೆ.

ಇಷ್ಟು ಸೂಕ್ಷ್ಮವಾದ ಚಿತ್ರವೂ ಒಂದೇ ದಿನದ್ದಾದರೆ ಮೋಸಗೊಳಿಸಬಹುದು. ಹಿಂಗಾರಿ ಬಿಳಿಜೋಳಕ್ಕಾಗಿ ಎರೆಹೊಲವನ್ನು ಮಳೆಗಾಲದಲ್ಲಿ ಹರಗಿ ಬರಿದಾಗಿ ಬಿಡುವ ರೂಢಿಯು ನಮ್ಮಲ್ಲುಂಟು. ಆಗಸ್ಟ್ ತಿಂಗಳ ಚಿತ್ರದಲ್ಲಿ ಅದು ಬೀಳುಭೂಮಿಯಂತೆ ತೋರುವುದು. ನವೆಂಬರಿನಲ್ಲಿ ತೊಗರಿಯೂ ಕಬ್ಬೂ ಹಸುರೇ. ಏಪ್ರಿಲ್ ವೇಳೆಗೆ ತೊಗರಿಯ ಹೊಲ ಬರಿದಾಗಿ, ಭೀಮಾ ಮತ್ತು ಅಮರ್ಜಾ ನದಿಗಳ ನೀರುಂಡ ಕಬ್ಬು ಮಾತ್ರ ಉಳಿಯುವುದು. ಗಾಯರಾಣದಲ್ಲಿ ಬಳ್ಳಾರಿ ಜಾಲಿ ಹಬ್ಬಿದರೆ ಚಿತ್ರವು ಹಸುರು ಹೆಚ್ಚಿತೆನ್ನುವುದು. ದನಗಳಿಗಾದರೋ ಮೇವು ಕಡಿಮೆಯಾಗಿರುವುದು.

ಅರಣ್ಯದ ವಿಷಯದಲ್ಲಿಯೂ ಎಚ್ಚರ ಬೇಕು. ಒಂದು ಹೆಕ್ಟೇರಿಗೆ, ಎಂದರೆ ಸುಮಾರು ಎರಡೂವರೆ ಎಕರೆಗೆ ಕಡಿಮೆಯಿಲ್ಲದ ನೆಲದಲ್ಲಿ ನೂರಕ್ಕೆ 10 ಪಾಲಾದರೂ ಮರದ ನೆರಳಿದ್ದರೆ, ಒಡೆತನ ಯಾರದೇ ಇರಲಿ, ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಅದನ್ನು ಅರಣ್ಯಹೊದಿಕೆ ಎಂದು ಎಣಿಸುತ್ತದೆ. ಮಾವಿನ ತೋಟವೂ ಇದರಲ್ಲಿ ಸೇರಬಹುದು. ಇದರಿಂದಲೇ ತೋಟವು ಸರ್ಕಾರಿ ಅರಣ್ಯವಾಯಿತೆಂದು ಯಾರೂ ಅಂಜಬೇಕಾಗಿಲ್ಲ. ಅಂಜಿ ಮರ ಕಡಿಯಲೂ ಬಾರದು. ಜಿಲ್ಲೆಯ ದೊಡ್ಡ ಕಾಡು ಚಿಂಚೋಳಿಯ ಕಡೆಗಿದೆ. ನಮ್ಮ ಮೂರು ತಾಲ್ಲೂಕುಗಳಿಗೆ ಬದುವಿನ ಬೇವೇ ದೊಡ್ಡ ಆಸ್ತಿ.

ಆದಕಾರಣ ಮುಖಂಡರು ಕೆಳಗಿನಂತೆ ನಡೆಯುವುದು ಒಳ್ಳೆಯದು:

1. ಆಗಸ್ಟ್, ನವೆಂಬರ್, ಏಪ್ರಿಲ್ ಈ ಮೂರು ಕಾಲದ ಚಿತ್ರಗಳನ್ನು ಕೂಡಿಸಿ ನೋಡಬೇಕು. ವರ್ಷವರ್ಷಕ್ಕೆ ಹೋಲಿಸುವಾಗ ಅದೇ ತಿಂಗಳಿನದನ್ನೇ ಹೋಲಿಸಬೇಕು. ಇಸ್ರೋ ಸಂಸ್ಥೆಯು 2009ರಲ್ಲಿ ತೆರೆದ 'ಭುವನ್' ಜಾಲತಾಣದಲ್ಲಿ ಉಪಗ್ರಹ ಚಿತ್ರಗಳು ನೋಡಸಿಗುತ್ತವೆ.

2. ಸರ್ವೆ ನಂಬರು, ಬಿತ್ತಿದ ಬೆಳೆ, ಬಿತ್ತಿದ ದಿನ ಇವನ್ನು ಬರೆದಿಟ್ಟು, ಬೆಳೆ ಸಮೀಕ್ಷೆಗೆ ಬಂದವರಿಗೆ ತೋರಿಸಬೇಕು.

3. ವರ್ಷಕ್ಕೊಮ್ಮೆ ಗಾಯರಾಣದ ಎಲ್ಲೆಯನ್ನು ಹಿರಿಯರೊಡನೆ ನಡೆದು ನೋಡಿ, ಒತ್ತುವರಿಯನ್ನೂ ಜಾಲಿಯನ್ನೂ ಗುರುತಿಸಬೇಕು.

ಉಪಗ್ರಹವು ಹಸುರನ್ನು ಕಾಣುವುದು. ಅದು ಜೋಳವೋ ಜಾಲಿಯೋ ಎಂಬುದನ್ನು ನೆಲದ ಮೇಲೆ ನಿಂತವನು ನಿಶ್ಚಯವಾಗಿ ಹೇಳಬಲ್ಲನು. ಆ ಸಾಕ್ಷ್ಯವನ್ನು ಕಾಲಕ್ಕೆ ಸರಿಯಾಗಿ ಒದಗಿಸುವುದು ಗ್ರಾಮದ ಹಿರಿಯರ ಕರ್ತವ್ಯವಾಗಿದೆ.