ನಿಮಗಿದು ಗೊತ್ತೇ? ಹಾಡು ಯಾರದ್ದು, ಹೆಸರು ಯಾರದ್ದು?

ಇಂದಿಗೂ ಹಾಡಾಗಿ ಕೇಳಿಬರುವ ವಚನಗಳನ್ನು ಬರೆದ ಅಲ್ಲಮಪ್ರಭು ಹುಟ್ಟಿದ್ದು ಬಳ್ಳಿಗಾವಿಯಲ್ಲಿ, ಅಕ್ಕಮಹಾದೇವಿ ಉಡುತಡಿಯಲ್ಲಿ. ವಚನಕಾರ್ತಿ ಸತ್ಯಕ್ಕನ ಊರು ಹಿರೇಜಂಬೂರು. ಮೂರೂ ಶಿಕಾರಿಪುರ ತಾಲ್ಲೂಕಿನ ಊರುಗಳೇ!

ಮೂವರೂ ವಚನಕ್ಕೆ ತಮ್ಮ ಹೆಸರು ಹಾಕಲಿಲ್ಲ. ಗುಹೇಶ್ವರ, ಚೆನ್ನಮಲ್ಲಿಕಾರ್ಜುನ, ಶಂಭುಜಕ್ಕೇಶ್ವರ ಎಂದು ದೇವರ ಹೆಸರು ಹಾಕಿದರು. ಎಂಟು ಶತಮಾನ ಕಳೆದರೂ ಯಾವ ವಚನ ಯಾರದ್ದೆಂದು ಹೇಳುವುದು ಆ ಅಂಕಿತವೇ.

ಈ ಮೂವರಲ್ಲಿ ಅಲ್ಲಮ ಮದ್ದಳೆಗಾರನೂ ಹೌದು. ಕವಿ ಹರಿಹರನ ರಗಳೆಯಲ್ಲಿ ಅವನು ಬಾರಿಸುವುದು ಬಳ್ಳಿಗಾವಿಯಲ್ಲಿ, ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಸೊರಬಕ್ಕೆ ಹತ್ತಿರದ ಬನವಾಸಿಯಲ್ಲಿ.

ತನ್ನ ಹೆಸರನ್ನೇ ಬರೆದಿಟ್ಟುಹೋದವನೂ ಇಲ್ಲಿದ್ದಾನೆ. 5ನೇ ಶತಮಾನದ ತಾಳಗುಂದದ ಕಂಬದ ಮೇಲಿನ ಸಂಸ್ಕೃತ ಕಾವ್ಯ ಬರೆದವನು ಕುಬ್ಜ. ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಅದರಲ್ಲೇ ಹೇಳಿಕೊಂಡಿದ್ದಾನೆ.

ಹಾಡು ಕಟ್ಟುತ್ತಿದ್ದ ಅಮೆರಿಕದ ಸ್ಟೀಫನ್ ಫಾಸ್ಟರ್ ಕಥೆ ಬೇರೆ. 1851ರಲ್ಲಿ ಅಚ್ಚಾದ ಅವನ 'ಓಲ್ಡ್ ಫೋಕ್ಸ್ ಅಟ್ ಹೋಮ್' ಹಾಡು ದೇಶವನ್ನೆಲ್ಲ ಸುತ್ತಿತು. ಆದರೆ ಹಾಳೆಯ ಮೇಲಿದ್ದ ಹೆಸರು ಅದನ್ನು ಹಾಡುತ್ತಿದ್ದ ತಂಡದ ಯಜಮಾನ ಕ್ರಿಸ್ಟಿಯದು. ದುಡ್ಡಿಗೆ ಫಾಸ್ಟರನೇ ಒಪ್ಪಿದ್ದ. 1864ರಲ್ಲಿ, 37ನೇ ವಯಸ್ಸಿಗೆ ತೀರಿಕೊಂಡಾಗ ಅವನ ಪರ್ಸಿನಲ್ಲಿದ್ದದ್ದು 38 ಸೆಂಟು. ಓದಿದಾಗಲೆಲ್ಲ ಸಂಕಟವಾಗುತ್ತದೆ.

ಅದೇ ಕಾಲದಲ್ಲಿ ನಮ್ಮ ನೆರೆಯ ಹಾವೇರಿ ಸೀಮೆಯಲ್ಲಿ ಶಿಶುನಾಳ ಶರೀಫರು (1819–1889) ತತ್ವಪದ ಹಾಡುತ್ತಿದ್ದರು. ಅವರ ಅಂಕಿತವೂ ಊರ ದೇವರದ್ದೇ, ಶಿಶುನಾಳಧೀಶ.

ಇನ್ನು ಅಂಕಿತವೇ ಇಲ್ಲದ ಹಾಡುಗಳು. ದೀಪಾವಳಿಯ ರಾತ್ರಿಗಳಲ್ಲಿ ಸೊರಬದ ಕಡೆ ಮನೆಮನೆಗೆ ಹೋಗಿ ಹಾಡುವ ಅಂಟಿಗೆ-ಪಂಟಿಗೆಯವರು ಹೊರಡುತ್ತಾರೆ. ಕೈಯಲ್ಲಿ ಬಲೀಂದ್ರನ ದೀಪ, ಅದು ಆರಬಾರದು. ಅಂಗಳದಲ್ಲಿ ನಿಂತು ಬಾಗಿಲು ತೆಗೆಸುವ ಪದ ಶುರು. ಮುಂದಿನವರು ಒಂದು ಸಾಲು ಎತ್ತುತ್ತಾರೆ, ಹಿಂದಿನವರು ಅದನ್ನೇ ತಿರುಗಿ ಹಾಡುತ್ತಾರೆ. ಬಾಗಿಲು ತೆರೆದು ಮನೆಯಾಕೆ ದೀಪಕ್ಕೆ ಎಣ್ಣೆ ಎರೆಯುತ್ತಾಳೆ, ಅಕ್ಕಿ, ಕಾಯಿ ಕೊಡುತ್ತಾಳೆ. ತಂಡ ಮುಂದಿನ ಮನೆಗೆ. ಈ ಪದ ಕಟ್ಟಿದವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ, ಕಾಗದದಲ್ಲೂ ಇಲ್ಲ.

ನಿಮ್ಮೂರಿನಲ್ಲಿ ಹಾಡುವ ಹಿರಿಯರಿದ್ದರೆ ಬರುವ ದೀಪಾವಳಿಗೆ ಫೋನಿನಲ್ಲಿ ಅವರ ದನಿ ಹಿಡಿದಿಡಿ. ಯಾರಿಂದ ಕಲಿತಿರಿ ಎಂದು ಕೇಳಿ, ಆ ಹೆಸರನ್ನೂ ಬರೆದಿಡಿ.